ಕೊನೆಯ ಕಾಲು ಗಂಟೆ ನೋಡದ ಸಿನಿಮಾ

ಮನೆಯಲ್ಲಿ ಇಟ್ಟುಕೊಂಡು ನೋಡುವಂಥ ಸಿನಿಮಾ ಯಾವುದು ಎಂದು ಯಾರಾದರೂ ಕೇಳಿದರೆ ಸಾಕು, ನನಗೆ ಎಲ್ಲಿಲ್ಲದ ಹುರುಪು. ಅಜ್ಜಂಪುರದಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. ಪಹಣಿಯ ನಕಲು ತೆಗೆಸಲು ಬಂದವರಿಗೂ ಎರಡು ಸಿನಿಮಾ ಹೇಳದೆ ಕಳಿಸಿದವನಲ್ಲ. ಈಗ ಎಲ್ಲ ಮೊಬೈಲಿನಲ್ಲೇ ಬರುತ್ತಲ್ಲ ಎಂದರೆ ಸಿಟ್ಟು ನೆತ್ತಿಗೇರುತ್ತದೆ. ಬರುವುದು ಬೇರೆ, ಮನೆಯಲ್ಲಿರುವುದು ಬೇರೆ. ನನ್ನ ಬೀರುವಿನ ಒಂದು ಖಾನೆ ತುಂಬ ಡಿವಿಡಿಗಳಿವೆ. ಅರ್ಧಕ್ಕರ್ಧದ ಪ್ಲಾಸ್ಟಿಕ್ ಹೊದಿಕೆಯನ್ನೇ ಬಿಚ್ಚಿಲ್ಲ ಎಂಬುದು ನನ್ನ ಹೆಂಡತಿಗೆ ಮಾತ್ರ ಗೊತ್ತಿತ್ತು.

ಹೋದ ವರ್ಷ ಅಕ್ಕನ ಮಗಳು ಹೆರಿಗೆಗೆಂದು ತರೀಕೆರೆಯ ತವರಿಗೆ ಬಂದಳು. ಅದಕ್ಕೆ ಮುಂಚೆ ಒಂದು ಸಲ ಮೂರೇ ತಿಂಗಳಿಗೆ ಬಸಿರು ಇಳಿದು ಹೋಗಿತ್ತು. ಈ ಸಲ ಎಂಟು ತುಂಬಿದ್ದರೂ ಹುಡುಗಿಗೆ ಜೀವದಲ್ಲಿ ಜೀವವಿಲ್ಲ. ಮನಸ್ಸು ಹಗುರಾಗುವಂಥ ಸಿನಿಮಾ ಇದ್ದರೆ ತಾ ಎಂದು ಅಕ್ಕ ಫೋನು ಮಾಡಿದಳು. ನಾನು ಒಂದು ಕ್ಷಣವೂ ಯೋಚಿಸಲಿಲ್ಲ. ನನ್ನ ಪಟ್ಟಿಯಲ್ಲಿ ಯಾವತ್ತೂ ಮೊದಲು ನಿಲ್ಲುವ ಕಪ್ಪುಬಿಳುಪು ಚಿತ್ರವನ್ನು ಚೀಲಕ್ಕೆ ಹಾಕಿಕೊಂಡೆ. ಅದರಲ್ಲೂ ಹೆರಿಗೆಗೆ ತವರಿಗೆ ಬಂದ ಹುಡುಗಿ, ಮುನಿಸಿಕೊಂಡು ದೂರ ಉಳಿದ ಗಂಡ, ಮನೆ ತುಂಬ ನಗು. ಕೊನೆಗೆ ಗಂಡ ಓಡಿ ಬಂದು ಮಗುವನ್ನೆತ್ತಿಕೊಂಡು ಹೆಂಡತಿಯ ಮುಖ ನೋಡಿ ನಾಚುತ್ತಾನೆ. ಆ ನಾಚಿಕೆಯನ್ನು ನಾನು ಎಷ್ಟು ಜನರ ಮುಂದೆ ಅಭಿನಯಿಸಿ ತೋರಿಸಿದ್ದೇನೋ.

ಅಕ್ಕ, ಅವಳ ಮಗಳು, ನಾನು, ಮೂವರೂ ಮಧ್ಯಾಹ್ನ ಊಟ ಮುಗಿಸಿ ಕೂತೆವು. ಹುಡುಗಿ ನಕ್ಕಳು, ಮಂಡಕ್ಕಿ ತಿಂದಳು. ನಾನು ಬೀಗುತ್ತಾ ಕೂತಿದ್ದೆ. ಕೊನೆಯ ಕಾಲು ಗಂಟೆ ಬಂತು. ಪರದೆಯ ಮೇಲೆ ಸೂಲಗಿತ್ತಿ ಹೊರಗೆ ಬಂದು ತಲೆಯ ಮೇಲೆ ಕೈ ಹೊತ್ತಳು. ಮಗು ಉಳಿದಿತ್ತು, ತಾಯಿ ಇರಲಿಲ್ಲ. ಗಂಡ ಓಡಿ ಬಂದದ್ದು ನಿಜ, ಬಂದದ್ದು ಹೆಣದ ಮುಂದೆ.

ರಿಮೋಟ್ ಕೈಯಲ್ಲೇ ಇತ್ತು, ಒತ್ತಲು ತೋಚಲಿಲ್ಲ. ಅಕ್ಕ ಎದ್ದು ಸ್ವಿಚ್ಚನ್ನೇ ಆರಿಸಿದಳು. ಹುಡುಗಿ ಹೊಟ್ಟೆಯ ಮೇಲೆ ಎರಡೂ ಕೈಯಿಟ್ಟುಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

"ಬುದ್ಧಿ ಐತೇನೋ ನಿಂಗೆ? ಬಸುರಿ ಹೆಂಗ್ಸಿಗೆ ತೋರ್ಸೋ ಸಿನಿಮಾನೇನೋ ಇದು?" ಎಂದಳು ಅಕ್ಕ.

ಆ ಚಿತ್ರದ ಕೊನೆಯನ್ನು ನಾನು ನೋಡಿಯೇ ಇರಲಿಲ್ಲ, ಅದು ನನಗೇ ಆಗ ಹೊಳೆಯಿತು. ನಮ್ಮ ಊರು ಪಂಚನಹಳ್ಳಿ ಕಡೆ. ಚಿಕ್ಕಂದಿನಲ್ಲಿ ಸಿನಿಮಾ ಎಂದರೆ ಕಡೂರಿನ ಮ್ಯಾಟಿನಿ. ಆಟ ಮುಗಿಯುವ ಮುಂಚೆಯೇ ನಮ್ಮ ಕಡೆಯ ಕೊನೆ ಬಸ್ಸು. ಬಾಗಿಲು ಕಾಯುವವನೇ ಕತ್ತಲಲ್ಲಿ, "ಪಂಚನಹಳ್ಳಿ ಕಡೆಯವ್ರು ಏಳ್ರಪ್ಪೋ" ಎಂದು ಕೂಗುತ್ತಿದ್ದ. ಎರಡು ಸಾಲು ಜನ ಗೊಣಗುತ್ತಾ ಏಳುತ್ತಿದ್ದೆವು. ಮುಂದಿನ ಕಥೆ ಬಸ್ಸಿನಲ್ಲಿ ತೀರ್ಮಾನವಾಗುತ್ತಿತ್ತು. ಒಬ್ಬರು ಒಂದು ಕೊನೆ ಹೇಳಿದರೆ ಇನ್ನೊಬ್ಬರು ಮತ್ತೊಂದು. ಊರು ಬರುವಷ್ಟರಲ್ಲಿ ಎಲ್ಲರೂ ಒಪ್ಪಿದ್ದು ಯಾವುದೋ ಅದೇ ಸಿನಿಮಾದ ಕೊನೆ. ಅದನ್ನೇ ನಾನು ಕಣ್ಣಾರೆ ಕಂಡವನ ಹಾಗೆ ಊರಿಗೆಲ್ಲ ಹಂಚಿದ್ದೆ. ಛೀ, ಇಷ್ಟು ವರ್ಷ ಎಂಥ ಬಡಾಯಿ!

ಹುಡುಗಿ ಎರಡು ದಿನ ಸರಿಯಾಗಿ ಉಣ್ಣಲಿಲ್ಲವಂತೆ. ಆಸ್ಪತ್ರೆಗೇ ಬರುವುದಿಲ್ಲ ಎಂದು ಹಟ ಹಿಡಿದಿದ್ದಾಳೆ ಎಂದು ಅಕ್ಕ ಫೋನಿನಲ್ಲಿ ಅತ್ತಳು. ಅಂಗಡಿಗೆ ಬೀಗ ಹಾಕಿ ಹೋದೆ. ಅವಳ ಮಂಚದ ಪಕ್ಕ ಕೂತು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

"ಮತ್ತೆ ಗಂಡ ಬಂದು ನಾಚ್ಕೋತಾನೆ ಅಂತಿದ್ಯಲ್ಲ ಮಾವ? ಅದ್ಯಾರು ಹೇಳಿದ್ದು?"

"ನಿಮ್ಮಮ್ಮ ಕಣವ್ವ. ಬಸ್ನಲ್ಲಿ ಹೇಳಿದ್ಲು. ಆಗ ಅವ್ಳಿಗೆ ಹದಿನಾಲ್ಕು ವರ್ಷ."

ಬಾಗಿಲಲ್ಲಿ ನಿಂತಿದ್ದ ಅಕ್ಕ ಬೆಚ್ಚಿಬಿದ್ದಳು. "ನಾನಾ? ನಾನು ಹೇಳಿದ್ದಾ?" ಎಂದು ಬಾಯಿಗೆ ಸೆರಗು ಹಿಡಿದಳು. ಅವಳಿಗೆ ನೆನಪೇ ಇರಲಿಲ್ಲ. ಹುಡುಗಿ ಅಮ್ಮನ ಮುಖವನ್ನು ಬಹಳ ಹೊತ್ತು ನೋಡಿದಳು. ಆಮೇಲೆ, "ಆಸ್ಪತ್ರೆಗೆ ಬತ್ತೀನಿ. ನೀನೂ ಬಾ ಮಾವ. ಮುಗಿಯೋಗಂಟ ಇರ್ಬೇಕು" ಎಂದಳು.

ಹೆರಿಗೆಯ ದಿನ ಬೆಳಗ್ಗೆ ಏಳಕ್ಕೇ ಆಸ್ಪತ್ರೆಯ ಬೆಂಚಿನಲ್ಲಿ ಕೂತೆ. ಅವಳ ಗಂಡ ಪಕ್ಕದಲ್ಲೇ ಉಗುರು ಕಚ್ಚುತ್ತಿದ್ದ. ಟೀ ಕುಡಿದು ಬನ್ನಿ ಎಂದು ಯಾರೋ ಹೇಳಿದರು, ಏಳಲಿಲ್ಲ. ಭಯವೆಂದರೆ ಏನೆಂದು ನನಗೆ ಅವತ್ತು ತಿಳಿಯಿತು. ಬಾಗಿಲು ಅಲುಗಿದಾಗಲೆಲ್ಲ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ.

ಹನ್ನೊಂದರ ಸುಮಾರಿಗೆ ನರ್ಸಮ್ಮ ಬಟ್ಟೆಯಲ್ಲಿ ಸುತ್ತಿದ ಮಗುವನ್ನೆತ್ತಿಕೊಂಡು ಬಂದರು. ನಾನು ಮಗುವಿನ ಕಡೆ ನೋಡಲೇ ಇಲ್ಲ.

"ತಾಯಿ? ತಾಯಿ ಹೆಂಗವ್ಳೆ?" ಎಂದು ಕಿರುಚಿದೆ.

ಅವರು ಬೆರಗಾಗಿ ನಿಂತರು. "ಚೆನ್ನಾಗವ್ರೆ ಕಣ್ರೀ. ಎಲ್ರೂ ಗಂಡೋ ಹೆಣ್ಣೋ ಅಂತ ಕೇಳ್ತಾರೆ. ಮೊದ್ಲು ತಾಯೀನ ಕೇಳಿದವ್ರನ್ನ ನಾನು ಇವತ್ತೇ ನೋಡಿದ್ದು."