ಹಾಜರಿ ಪುಸ್ತಕದ ಓದುಗ

ಉದಯಗಿರಿಯ ನಮ್ಮ ಬೀದಿಯ ಗ್ರಂಥಾಲಯಕ್ಕೆ ಅನುದಾನ ನಿಲ್ಲುತ್ತದೆಂಬ ಸುದ್ದಿ ಬಂದಾಗ, ಅಲ್ಲಿನ ಗ್ರಂಥಪಾಲಕರು ಮನವಿಪತ್ರ ಹಿಡಿದು ಮನೆಮನೆಗೆ ಬಂದರು. ಕಂಕುಳಲ್ಲಿ ರಟ್ಟು, ಅದಕ್ಕೆ ದಾರದಿಂದ ಕಟ್ಟಿದ ಪೆನ್ನು. ಸಹಿ ಹಾಕುವುದರಲ್ಲಿ ನಮ್ಮ ಬೀದಿಯವರು ಎಂದೂ ಜಿಪುಣರಲ್ಲ. ನಾನಂತೂ ಸ್ಕೂಟರಿನಿಂದ ಇಳಿಯದೆಯೇ ಹಾಕಿದೆ. ಎಲ್ಲರಿಗೂ ಹೇಳಿದ್ದನ್ನೇ ನನಗೂ ಹೇಳಿದರು: “ಸೈ ಸರಿ ಕಣ್ರೀ, ಒಂದ್ಸಲ ಬಂದು ಕೂತ್ಕೊಂಡು ಹೋಗಿ. ಮೇಲಿನೋರು ಕೇಳೋದು ಹಾಜರಿ ಪುಸ್ತಕಾನೆ.”

ಬರುತ್ತೇನೆ ಎಂದೆ. ಹೋಗಿದ್ದು ಎರಡು ತಿಂಗಳ ಮೇಲೆ, ಒಂದು ಸಂಜೆ. ಅವರ ಕುರ್ಚಿಯ ಮೇಲಿನ ಫ್ಯಾನೊಂದೇ ತಿರುಗುತ್ತಿತ್ತು. ಓದುಗರು ಹೆಸರು ಬರೆಯಬೇಕಾದ ಹಾಜರಿ ಪುಸ್ತಕ ಬಾಗಿಲ ಬಳಿಯ ಅವರ ಮೇಜಿನ ಮೇಲಿತ್ತು. ಪುಟದ ತುಂಬ ದಿನಕ್ಕೊಂದರಂತೆ ಒಂದೇ ಹೆಸರು, ಅವರದೇ.

“ನೀವೇ ಬರೀತೀರಾ ಸಾರ್?” ಎಂದೆ.

“ಡ್ಯೂಟಿ ಮುಗಿದ್ಮೇಲೆ ನಾನೂ ಓದುಗನೇ ಅಲ್ವಾ? ಸುಳ್ಳು ಬರೆಯಲ್ಲ. ಒಂದ್ಗಂಟೆ ಕೂತು ಓದೇ ಮನೆಗೋಗೋದು.”

ಅವರ ಹೆಸರಿನ ಕೆಳಗೆ ನನ್ನ ಹೆಸರು ಬರೆದೆ. ಅವರು ಪುಸ್ತಕವನ್ನು ತಮ್ಮತ್ತ ತಿರುಗಿಸಿಕೊಂಡು ನನ್ನ ಹೆಸರು ಓದಿದರು. ಆಮೇಲೆ ಎದ್ದು ಹೋಗಿ ಇನ್ನೊಂದು ಫ್ಯಾನನ್ನೂ ಹಾಕಿದರು. ಅದು ತಿರುಗಲು ಬಹಳ ಹೊತ್ತು ಹಿಡಿಯಿತು.