ಪ್ರಮೀಳಾ ಕೇಳಿಸಿಕೊಂಡ ಹಾಡು

ಕೋವಿಡ್ ನಿರ್ಬಂಧಗಳು ಸಡಿಲವಾಗಿ ಮಲೇಷ್ಯಾದ ಥಿಯೇಟರುಗಳು ಮತ್ತೆ ಬಾಗಿಲು ತೆರೆದ ವರ್ಷ. ನಾನಾಗ ಕ್ವಾಲಾಲಂಪುರದ ಪಕ್ಕದ ಸುಬಾಂಗ್ ಜಯಾದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಹಿರಿಯ ಆಡಿಯಾಲಜಿಸ್ಟ್ ಆಗಿದ್ದೆ. ಆಡಿಯಾಲಜಿಸ್ಟ್ ಎಂದರೆ ಕಿವಿಯ ಡಾಕ್ಟರಲ್ಲ. ಆಪರೇಷನ್ ಮಾಡುವುದು ಸರ್ಜನ್ ಕೆಲಸ. ಯಾರಿಗೆ ಎಷ್ಟು ಕೇಳಿಸುತ್ತದೆ ಎಂದು ಅಳೆಯುವುದು, ತಕ್ಕ ಯಂತ್ರ ಕೂಡಿಸುವುದು, ಆ ಯಂತ್ರದ ಜೊತೆ ಬದುಕುವುದನ್ನು ಕಲಿಸುವುದು ನಮ್ಮದು. ಮಂಗಳೂರಿನವಳಾದ ನಾನು ಇದನ್ನು ಮೈಸೂರಿನಲ್ಲಿ ಓದಿ, ಮದುವೆಯಾದ ಮೇಲೆ ಈ ದೇಶಕ್ಕೆ ಬಂದೆ. ಈಗ ನಿವೃತ್ತಳು. ಸಾವಿರಾರು ಕಿವಿಗಳನ್ನು ನೋಡಿದ್ದೇನೆ, ಆದರೆ ಯಾರಾದರೂ ಕೆಲಸದ ಬಗ್ಗೆ ಕೇಳಿದರೆ ಮೊದಲು ನೆನಪಾಗುವುದು ಒಬ್ಬರೇ. ಅವರ ಗುರುತು ಸಿಗಬಾರದೆಂದು ಹೆಸರು ಬದಲಿಸಿದ್ದೇನೆ. ಈ ಕಥೆಯಲ್ಲಿ ಬರುವ ನಾಟಕದ ಹೆಸರನ್ನೂ ಅದೇ ಕಾರಣಕ್ಕೆ ಹೇಳುತ್ತಿಲ್ಲ.

ಪ್ರಮೀಳಾ ಧಾರವಾಡದವರು. ಸುಬಾಂಗ್ ಜಯಾದ ಒಂದು ಖಾಸಗಿ ಕಾಲೇಜಿನಲ್ಲಿ ಅಕೌಂಟೆನ್ಸಿ ಕಲಿಸುತ್ತಿದ್ದರು. ಗಂಡ ಪೆನಾಂಗ್ ದ್ವೀಪದ ಬಯಾನ್ ಲೆಪಾಸ್‌ನ ಚಿಪ್ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್. ವಾರವಿಡೀ ಪೆನಾಂಗಿನಲ್ಲಿದ್ದು ಶನಿವಾರ ಮನೆಗೆ ಬರುತ್ತಿದ್ದರು. ಮಗಳು ಮೇಘನಾ ಸೈಬರ್‌ಜಯಾದಲ್ಲಿ ಕೆಲಸ ಮಾಡುತ್ತ ತಾಯಿಯ ಜೊತೆಗಿದ್ದಳು. ಪ್ರಮೀಳಾ ಅವರ ಕಿವಿ ಹತ್ತು ಹದಿನೈದು ವರ್ಷಗಳಿಂದ ನಿಧಾನವಾಗಿ ಸೋಲುತ್ತ ಬಂದಿತ್ತು. ಅದು ಯಾರಿಗೂ, ಸ್ವತಃ ಅವರಿಗೂ, ಪೂರ್ತಿ ತಿಳಿದಿರಲಿಲ್ಲ, ಏಕೆಂದರೆ ಅವರು ತುಟಿ ಓದುವುದನ್ನು ತಾವೇ ಕಲಿತುಬಿಟ್ಟಿದ್ದರು. ಕೋವಿಡ್ ಬಂದು ಎಲ್ಲರೂ ಮಾಸ್ಕ್ ಹಾಕಿಕೊಂಡರು. ತರಗತಿಯ ತುಟಿಗಳೆಲ್ಲ ಮುಚ್ಚಿಹೋದ ದಿನ ಪ್ರಮೀಳಾ ಅವರಿಗೆ ಜಗತ್ತೇ ಮಾತು ನಿಲ್ಲಿಸಿದಂತಾಯಿತು. ಕೆಲಸ ಬಿಟ್ಟರು. ಉಳಿದಿದ್ದ ಕೇಳಿಕೆಯೂ ಕುಸಿದು ಗಂಡನ ಜೊತೆಗಿನ ವಾರದ ಮಾತುಕತೆ ಫೋನಿನಿಂದ ಮೆಸೇಜಿಗೆ ಇಳಿಯಿತು. ಒಮ್ಮೆ ಮಾಲ್‌ನ ಪಾರ್ಕಿಂಗಿನಲ್ಲಿ ಹಿಂದಿನಿಂದ ಬಂದ ಕಾರಿನ ಹಾರ್ನ್ ಕೇಳಿಸದೆ ಮೊಣಕಾಲು ಮುರಿದುಕೊಂಡ ಮೇಲೆ ಮೇಘನಾ ಅವರನ್ನು ನನ್ನ ಬಳಿ ಎಳೆದುಕೊಂಡು ಬಂದಳು.

ಪರೀಕ್ಷೆ ಮಾಡಿದೆ. ಆಡಿಯೋಗ್ರಾಮ್ ಎಂದರೆ ಯಾವ ಸ್ವರ ಎಷ್ಟು ಜೋರಾದರೆ ಕೇಳಿಸುತ್ತದೆ ಎಂದು ತೋರಿಸುವ ನಕ್ಷೆ. ಪ್ರಮೀಳಾ ಅವರ ನಕ್ಷೆಯಲ್ಲಿ ತಗ್ಗಿನ ಸ್ವರಗಳು ಮಾತ್ರ ಒಂದಿಷ್ಟು ಉಳಿದಿದ್ದವು, ತಬಲಾದ ಎಡಗೈ, ಬಸ್ಸಿನ ಎಂಜಿನ್, ಅಷ್ಟು. ಮಾತಿನ ಅರ್ಥ ಹೊರುವ ಎತ್ತರದ ಸ್ವರಗಳು ಸಂಪೂರ್ಣ ಹೋಗಿದ್ದವು. ಇಂಥವರಿಗೆ ಸಾಮಾನ್ಯ ಹಿಯರಿಂಗ್ ಏಡ್ ಸಾಲದು, ಕಾಕ್ಲಿಯರ್ ಇಂಪ್ಲಾಂಟ್ ಬೇಕು. ಒಳಕಿವಿಯ ಶಂಖದಂಥ ಭಾಗಕ್ಕೆ ಸಣ್ಣ ತಂತಿಯೊಂದನ್ನು ಸೇರಿಸಿ, ನರಕ್ಕೆ ನೇರವಾಗಿ ವಿದ್ಯುತ್ ಸಂಕೇತ ಕಳಿಸುವ ಸಾಧನ ಅದು. ಮಾತು ಕೇಳಿಸಲು ಅದರಂಥದ್ದು ಬೇರೊಂದಿಲ್ಲ. ಆದರೆ ಎರಡು ವಿಷಯಗಳನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಆಪರೇಷನ್ನಿನಲ್ಲಿ ಉಳಿದಿರುವ ಸಹಜ ಶ್ರವಣವೂ ಹೋಗಬಹುದು. ಮತ್ತು ಇಂಪ್ಲಾಂಟಿನಲ್ಲಿ ಸಂಗೀತ ಚೆನ್ನಾಗಿ ಕೇಳಿಸುವುದಿಲ್ಲ.

ನಾನು ಮಾಸ್ಕ್ ಬದಲು ಮುಖಕ್ಕೆ ಪಾರದರ್ಶಕ ಹಾಳೆ ಕಟ್ಟಿಕೊಂಡು ಇದನ್ನೆಲ್ಲ ಕನ್ನಡದಲ್ಲೇ ನಿಧಾನವಾಗಿ ಹೇಳಿದೆ. ಅವರು ನನ್ನ ತುಟಿಯನ್ನೇ ನೋಡುತ್ತ ಕೇಳಿಸಿಕೊಂಡರು.

"ಸಂಗೀತ ಅಂದ್ರ ಎಷ್ಟು ಕೆಡ್ತದ?" ಎಂದರು.

"ರಾಗ ಗುರುತು ಸಿಗುವುದೇ ಕಷ್ಟ ಆಗ್ಬಹುದು. ತಾಳ ಸಿಗ್ತದೆ."

"ಹಂಗಿದ್ರ ನಂಗ ಬ್ಯಾಡ್ರಿ," ಎಂದು ಅವರು ಪರ್ಸ್ ಎತ್ತಿಕೊಂಡರು.

ಮೇಘನಾ ತಲೆ ಮೇಲೆ ಕೈಹೊತ್ತಳು. "ಇಟ್ಸ್ ದಟ್ ಮ್ಯೂಸಿಕಲ್, ಆಂಟಿ. ಆಲ್ವೇಸ್ ದಟ್ ಮ್ಯೂಸಿಕಲ್ ಲಾ," ಎಂದು ಇಲ್ಲಿಯವರಂತೆ ಕೊನೆಗೊಂದು ಲಾ ಹಚ್ಚಿ ಹೇಳಿದಳು.

ಹಾಗೆ ನನಗೆ ಆ ಸಂಗೀತ ನಾಟಕದ ವಿಷಯ ತಿಳಿಯಿತು. ಹೊಸದಾಗಿ ಮದುವೆಯಾದಾಗ ಪ್ರಮೀಳಾ ಅವರ ಗಂಡನಿಗೆ ಕೆಲವು ತಿಂಗಳು ಲಂಡನ್ನಿನಲ್ಲಿ ತರಬೇತಿ ಇತ್ತು. ಇವರು ಬಾಡಿಗೆ ಕೋಣೆಯಲ್ಲಿ ಒಬ್ಬರೇ, ಹೊರಗೆ ಚಳಿ, ಗುರುತಿನವರು ಯಾರೂ ಇಲ್ಲ. ಒಂದು ಮಧ್ಯಾಹ್ನ ಬೆಚ್ಚಗಿರುತ್ತದೆ ಎಂಬ ಒಂದೇ ಕಾರಣಕ್ಕೆ ಒಂದು ಥಿಯೇಟರಿನೊಳಗೆ ಹೋದರು. ಹಡಗು ಕಟ್ಟುವ ಊರೊಂದರ ಕಥೆ, ಮಾತಿಗಿಂತ ಹಾಡೇ ಹೆಚ್ಚು. ಮೊದಲ ಅಂಕದ ಕೊನೆಗೆ ಇನ್ನೂ ನೀರಿಗಿಳಿಯದ ಹಡಗಿನ ಕೆಳಗೆ ಒಬ್ಬ ವಿಧವೆ ಒಂಟಿಯಾಗಿ ನಿಂತು ಹಾಡುತ್ತಾಳೆ. ಇಂಗ್ಲಿಷ್ ಅರ್ಧವೂ ತಿಳಿಯದಿದ್ದರೂ ಪ್ರಮೀಳಾ ಅತ್ತರು. ಮುಂದಿನ ವಾರ ಮತ್ತೆ ಹೋದರು. ಅದು ಆಗಲೇ ಹಳೆಯ ನಾಟಕ, ಇಂದಿಗೂ ಲಂಡನ್ನಿನಲ್ಲಿ ನಡೆಯುತ್ತಿದೆ. ಹಾಡುವವರು ಬದಲಾಗಿದ್ದಾರೆ, ಹಾಡುಗಳು ಬದಲಾಗಿಲ್ಲ.

ಮಲೇಷ್ಯಾದಲ್ಲಿ ಅವರಿಗೆ ತಮ್ಮಂಥ ಹುಚ್ಚರು ಸಿಕ್ಕರು. ಬ್ಯಾಂಕಿನ ಅಧಿಕಾರಿ ಫರೀದಾ, ಹಲ್ಲಿನ ಡಾಕ್ಟರ್ ಲಿಮ್, ಇನ್ನು ಕೆಲವರು. ತಿಂಗಳಿಗೊಂದು ಭಾನುವಾರ ಬೆಳಿಗ್ಗೆ ಒಂದು ಮಾಮಕ್ ಅಂಗಡಿಯಲ್ಲಿ, ಅಂದರೆ ತಮಿಳು ಮುಸ್ಲಿಮರ ಹೋಟೆಲಿನಲ್ಲಿ, ರೊಟ್ಟಿ ಚನಾಯ್ ಎಂಬ ಪರೋಟ ತಿನ್ನುತ್ತ ಆ ನಾಟಕದ ಬಗ್ಗೆ ಮಾತಾಡುವ ಗುಂಪು. ಯಾವ ನಟಿಯ ವಿಧವೆ ಶ್ರೇಷ್ಠ ಎಂಬ ಜಗಳ ಅವರಲ್ಲಿ ಎಷ್ಟೋ ವರ್ಷಗಳಿಂದ ಇತ್ಯರ್ಥವಾಗಿರಲಿಲ್ಲ. ಪ್ರವಾಸಿ ತಂಡ ಹತ್ತಿರದ ಯಾವ ಊರಿಗೆ ಬಂದರೂ ಎಲ್ಲರೂ ಒಟ್ಟಿಗೆ ಹೋಗಿ ನೋಡುತ್ತಿದ್ದರು. ಆ ತಂಡ ಅದೇ ವರ್ಷಾಂತ್ಯಕ್ಕೆ ಕ್ವಾಲಾಲಂಪುರಕ್ಕೆ ಬರುವುದಿತ್ತು.

"ನೀವು ಹೇಳಿದ್ದು ನಂಗ ತಿಳೀತು," ಎಂದರು ಪ್ರಮೀಳಾ ಎರಡನೆಯ ಭೇಟಿಯಲ್ಲಿ. "ಆ ನಾಟಕದ ಸಿಡಿ ಹಾಕಿದ್ರ ಇನ್ನೂ ಎಲ್ಲಾ ಕೇಳಸ್ತದ. ಮಂದಿ ಮಾತು ಕೇಳಸೂದಿಲ್ಲ, ಖರೆ. ಮಾತಿಗೋಸ್ಕರ ಅದನ್ನ ಕೊಡು ಅಂದ್ರ ಹ್ಯಾಂಗ ಕೊಡ್ಲಿ?"

ಅವರ ನಕ್ಷೆಯ ಪ್ರಕಾರ ಆ ಸಿಡಿಯಲ್ಲಿ ಅವರಿಗೆ ಡೋಲಿನ ಗುಡುಗು ಬಿಟ್ಟು ಹೆಚ್ಚೇನೂ ಕೇಳಿಸುವಂತಿರಲಿಲ್ಲ. ಅದನ್ನು ಹೇಳಿದೆ. ಅವರು ನಂಬಲಿಲ್ಲ, ಸಿಟ್ಟೂ ಮಾಡಿಕೊಳ್ಳಲಿಲ್ಲ. ಸುಮ್ಮನೆ ನಕ್ಕರು. ಇತ್ತ ಸರ್ಜನ್ ನನ್ನನ್ನು ಅವಸರಪಡಿಸುತ್ತಿದ್ದರು. ಶ್ರವಣನರ ಕೆಲಸವಿಲ್ಲದೆ ಬಿದ್ದಿದ್ದಷ್ಟೂ ಇಂಪ್ಲಾಂಟಿನ ಫಲ ಕಡಿಮೆಯಾಗುತ್ತದೆ, ಅದು ನನಗೂ ಗೊತ್ತಿತ್ತು. ಆದರೆ ಒಪ್ಪದ ರೋಗಿಯನ್ನು ಹೆದರಿಸಿ ಒಪ್ಪಿಸಿದರೆ ಆಮೇಲೆ ಯಂತ್ರ ಕಪಾಟಿನಲ್ಲಿ ಕೂರುತ್ತದೆ. ಅಂಥ ಯಂತ್ರಗಳನ್ನೂ ನೋಡಿದ್ದೆ. ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು. ನಾಟಕ ಮುಗಿಯುವವರೆಗೆ ಆಪರೇಷನ್ನಿನ ಮಾತಿಲ್ಲ. ಅಲ್ಲಿಯವರೆಗೆ ಅತ್ಯಂತ ಶಕ್ತಿಶಾಲಿ ಹಿಯರಿಂಗ್ ಏಡ್ ಹಾಕಿ ನಾನು ಕೈಲಾದಷ್ಟು ಮಾಡುವುದು. ನಾಟಕವಾದ ಮೇಲೆ ಅವರು ಮತ್ತೊಮ್ಮೆ ಯೋಚಿಸುವುದು.

ನಾಟಕ ನಡೆಯಲಿದ್ದ ಕ್ವಾಲಾಲಂಪುರದ ಥಿಯೇಟರಿನಲ್ಲಿ ಹಿಯರಿಂಗ್ ಲೂಪ್ ಇತ್ತು. ಸಭಾಂಗಣದ ನೆಲದಡಿಯ ತಂತಿಯೊಂದು ರಂಗದ ಮೈಕುಗಳ ಸದ್ದನ್ನು ಹಿಯರಿಂಗ್ ಏಡ್‌ಗೆ ನೇರವಾಗಿ ಮುಟ್ಟಿಸುತ್ತದೆ. ಸುತ್ತಲಿನ ಗದ್ದಲ ಸೇರದಿರಲಿ ಎಂದು ಏಡ್‌ನ ಸ್ವಂತ ಮೈಕನ್ನು ಆಗ ಮುಚ್ಚಿರುತ್ತೇವೆ. ಸ್ಥಳದಲ್ಲೇ ಅದನ್ನು ಹೊಂದಿಸಲೆಂದು ಭಾನುವಾರದ ಮಧ್ಯಾಹ್ನದ ಪ್ರದರ್ಶನಕ್ಕೆ ನಾನೂ ಅವರ ಜೊತೆ ಹೋದೆ. ಬಾಲ್ಕನಿಯಲ್ಲಿ ಇಡೀ ಗುಂಪು ಒಂದೇ ಸಾಲಿನಲ್ಲಿ ಕೂತಿತ್ತು. ಪ್ರಮೀಳಾ ಇಳಕಲ್ ಸೀರೆ ಉಟ್ಟು, ಮದುವೆ ಮನೆಗೆ ಬಂದವರ ಹಾಗೆ, ಒಂದು ಬದಿಗೆ ಫರೀದಾ ಅವರನ್ನು, ಇನ್ನೊಂದು ಬದಿಗೆ ನನ್ನನ್ನು ಕೂರಿಸಿಕೊಂಡಿದ್ದರು. ನನ್ನ ಆಚೆಗೆ ಮೇಘನಾ.

ವಿಧವೆಯ ಹಾಡು ಬಂತು. ಪ್ರಮೀಳಾ ಕಣ್ಣು ಮುಚ್ಚಿದರು. ಆ ಹಾಡನ್ನು ಅವರು ಯಾವಾಗಲೂ ಕಣ್ಣು ಮುಚ್ಚಿಯೇ ಕೇಳುತ್ತಾರೆಂದು ಫರೀದಾ ನನಗೆ ಮೊದಲೇ ಹೇಳಿದ್ದರು. ನಟಿ ಎರಡು ಸಾಲು ಹಾಡಿರಬೇಕು, ಥಟ್ಟನೆ ಇಡೀ ಸಭಾಂಗಣದ ಧ್ವನಿವ್ಯವಸ್ಥೆ ನಿಂತುಹೋಯಿತು. ಮೈಕು ಸತ್ತಿತು, ವಾದ್ಯಗಳ ಪೈಕಿ ಕೀಬೋರ್ಡುಗಳು ಸತ್ತವು. ಒಂದೆರಡು ಪಿಟೀಲು ಮಾತ್ರ ಎಲ್ಲೋ ದೂರದಲ್ಲಿ ಎಂಬಂತೆ ಉಳಿದವು. ನಟಿ ನಿಲ್ಲಿಸಲಿಲ್ಲ. ಬರಿಗಂಟಲಿನಲ್ಲಿ ಹಾಡುತ್ತಲೇ ಹೋದಳು. ಬಾಲ್ಕನಿಗೆ ಅದು ನೂಲಿನೆಳೆಯಷ್ಟು ಬರುತ್ತಿತ್ತು, ಕೆಲವೊಮ್ಮೆ ಅದೂ ಇಲ್ಲ. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೂ ಗಲಾಟೆ ಮಾಡಲಿಲ್ಲ.

ನಾನು ನೋಡಿದ್ದು ಪ್ರಮೀಳಾ ಅವರನ್ನು. ಮೈಕು ಸತ್ತರೆ ಲೂಪ್ ಸತ್ತಂತೆ. ಏಡ್‌ನ ಸ್ವಂತ ಮೈಕನ್ನು ನನ್ನ ಕೈಯಾರೆ ಮುಚ್ಚಿದ್ದೆ. ಅಂದರೆ ಅವರ ಕಿವಿಗೆ ಆ ಹೊತ್ತಿನಲ್ಲಿ ಏನೂ, ಏನೇನೂ, ಹೋಗುತ್ತಿರಲಿಲ್ಲ. ಅವರು ಮಾತ್ರ ಕಣ್ಣು ತೆರೆಯಲಿಲ್ಲ. ಹಾಡಿನ ಏರಿನಲ್ಲಿ ಗಲ್ಲ ಮೇಲಕ್ಕೆದ್ದಿತು, ಇಳಿತದಲ್ಲಿ ಬೆರಳುಗಳು ಸಡಿಲವಾದವು, ಕೊನೆಯ ಚರಣಕ್ಕೆ ಕಣ್ಣೀರು ಇಳಿಯಿತು. ಹಾಡು ಮುಗಿದು ಮಧ್ಯಂತರದ ದೀಪ ಹತ್ತಿದಾಗ ಅವರು ನನ್ನ ಕೈ ಹಿಡಿದು ಹೇಳಿದರು, "ಎಷ್ಟು ಛಂದ ಹಾಡಿದ್ಲಲ್ರೀ. ಇಷ್ಟು ಛಂದ ಹಾಡಿದ್ದು ನಾ ಕೇಳೇ ಇಲ್ಲ."

ನನ್ನ ವೃತ್ತಿಯಲ್ಲಿ ಇದಕ್ಕೆ ವಿವರಣೆ ಇದೆ. ಕಿವಿಯಿಂದ ಬಾರದ್ದನ್ನು ಮಿದುಳು ನೆನಪಿನಿಂದ ತುಂಬಿಸಿಕೊಳ್ಳುತ್ತದೆ, ಕೆಲವರಿಗೆ ಅದು ನಿಜವಾದ ಸದ್ದಿನಷ್ಟೇ ಸ್ಪಷ್ಟ. ಓದಿದ್ದೆ, ವಿದ್ಯಾರ್ಥಿಗಳಿಗೆ ಹೇಳಿಯೂ ಇದ್ದೆ. ಪಕ್ಕದ ಕುರ್ಚಿಯಲ್ಲಿ ಕಂಡದ್ದು ಇದೇ ಮೊದಲು. ಹೇಳಿದರೆ ಅವರು ಆಪರೇಷನ್ನಿಗೆ ಒಪ್ಪಬಹುದು. ಆದರೆ ಅವರ ಜೀವಮಾನದ ಅತ್ಯುತ್ತಮ ಹಾಡನ್ನು ಅವರ ಕೈಯಿಂದ ಕಿತ್ತುಕೊಂಡಂತೆಯೂ ಆಗಬಹುದು.

ಹೇಳಿದವಳು ಮೇಘನಾ. ತಾಯಿಯ ಎದುರು ಮಂಡಿಯೂರಿ ಕೂತು, ತುಟಿ ಕಾಣುವಂತೆ, "ಮಾ, ದೇರ್ ವಾಸ್ ನೋ ಸೌಂಡ್," ಎಂದಳು. ಅರ್ಥವಾಗದೆ ಪ್ರಮೀಳಾ ಹುಬ್ಬು ಗಂಟಿಕ್ಕಿದರು. ಮಗಳು, ಅವಳ ಬಾಯಲ್ಲಿ ನಾನು ಎಂದೂ ಕೇಳಿರದ ಕನ್ನಡದಲ್ಲಿ, ತಡವರಿಸುತ್ತ ಹೇಳಿದಳು, "ಸೌಂಡ್ ಹೋಗಿತ್ತು ಅಮ್ಮ. ಯಾರಿಗೂ ಕೇಳಲಿಲ್ಲ. ನಿಂಗೆ ಮಾತ್ರ ಕೇಳ್ತು."

ಪ್ರಮೀಳಾ ಸುತ್ತ ನೋಡಿದರು. ಲಿಮ್ ಹೌದೆಂದು ತಲೆಯಾಡಿಸಿದರು. ಕೆಳಗೆ ಥಿಯೇಟರಿನವರು ಕ್ಷಮೆ ಕೇಳುವ ಬರಹವನ್ನು ಪರದೆಯ ಮೇಲೆ ಹಾಕಿದ್ದರು. ಪ್ರಮೀಳಾ ಅದನ್ನು ಬಹಳ ಹೊತ್ತು ಓದಿದರು. ಆಮೇಲೆ ಎರಡೂ ಹಿಯರಿಂಗ್ ಏಡ್‌ಗಳನ್ನು ಕಿವಿಯಿಂದ ತೆಗೆದು ಪರ್ಸಿಗೆ ಹಾಕಿದರು. ಧ್ವನಿವ್ಯವಸ್ಥೆ ಸರಿಹೋಗಿ ಎರಡನೆಯ ಅಂಕ ಶುರುವಾಯಿತು. ಅದನ್ನು ಅವರು ಬರಿಗಿವಿಯಲ್ಲಿ, ಕಣ್ಣು ಬಿಟ್ಟುಕೊಂಡು ನೋಡಿದರು.

ಹೊರಗೆ ಬಂದಾಗ ಸಂಜೆಯ ಬೆಳಕಿತ್ತು. ಟ್ಯಾಕ್ಸಿಗೆ ಕಾಯುತ್ತಿದ್ದಾಗ ಅವರು ಕೇಳಿದರು, "ಆಪರೇಶನ್ ಯಾವಾಗ ಇಟ್ಕೋಳೋಣು?"

ಇವತ್ತೇ ತೀರ್ಮಾನಿಸಬೇಕಿಲ್ಲ ಎಂದೆ.

"ಇಲ್ಲ. ಅದನ್ನ ಕಳಕೋತೀನಿ ಅಂತ ಅಂಜಿದ್ದೆ. ಅದು ಕಿವ್ಯಾಗ ಇರ್ಲೇ ಇಲ್ಲ ನೋಡ್ರಿ. ನಿಮ್ಮ ಸರ್ಜನ್ ಚಾಕು ಅಲ್ಲೀತನ ಹೋಗೂದಿಲ್ಲಲ್ಲ?"

ಹೋಗುವುದಿಲ್ಲ ಎಂದು ತಲೆಯಾಡಿಸಿದೆ.

ಆಪರೇಷನ್ ಸುಸೂತ್ರವಾಗಿ ಆಯಿತು. ಗಾಯ ಮಾಯ್ದ ಮೇಲೆ ಯಂತ್ರವನ್ನು ಮೊದಲ ಬಾರಿ ಚಾಲೂ ಮಾಡುವ ದಿನ ಬಂತು. ಸಿನಿಮಾದಲ್ಲಿ ತೋರಿಸುವ ಹಾಗೆ ರೋಗಿ ಆನಂದಬಾಷ್ಪ ಸುರಿಸುವುದು ಅಪರೂಪ. ಪ್ರಮೀಳಾ ಮುಖ ಕಿವುಚಿದರು. ಮಗಳ ದನಿ ಖಾಲಿ ಎಣ್ಣೆ ಡಬ್ಬಿಯೊಳಗೆ ಜೀರುಂಡೆ ಹಾರಿದಂತಿದೆ ಎಂದರು. ಮಿದುಳು ಈ ಹೊಸ ಸದ್ದನ್ನು ಮಾತೆಂದು ಗುರುತಿಸಲು ತಿಂಗಳುಗಟ್ಟಲೆ ಅಭ್ಯಾಸ ಬೇಕು. ನಮ್ಮ ಅಭ್ಯಾಸದ ಪಾಠಗಳು ನೀರಸ. ನಾಯಿ, ಬಾಗಿಲು, ಬಾಳೆಹಣ್ಣು ಎಂದು ನಾವು ತುಟಿ ಕಾಣದಂತೆ ಹೇಳುವುದು, ಅವರು ಮರುನುಡಿಯುವುದು. ಎರಡೇ ವಾರಕ್ಕೆ ಅವರು ಸೋತು ಹೋದರು.

ಉಪಾಯ ಫರೀದಾ ಅವರದು. ಆ ನಾಟಕದ ಹಾಡುಗಳೆಲ್ಲ ಪ್ರಮೀಳಾ ಅವರಿಗೆ ಬಾಯಿಪಾಠವಲ್ಲವೇ, ಅವನ್ನು ಹಾಡದೆ ಬರೀ ಮಾತಿನಂತೆ ಓದಿದರೆ? ನನ್ನ ಕ್ಲಿನಿಕ್ಕಿಗೆ ಗುಂಪಿನವರು ಸರದಿಯಂತೆ ಬಂದರು. ಮುಖ ಮರೆಮಾಡಿಕೊಂಡು ಎಲ್ಲಿಂದಲೋ ಒಂದು ಸಾಲು ಓದುವುದು, ಅದರ ಮುಂದಿನ ಸಾಲನ್ನು ಪ್ರಮೀಳಾ ಹೇಳುವುದು. ಲಿಮ್ ಲೆಕ್ಕಪತ್ರ ಓದಿದಂತೆ ಓದುತ್ತಿದ್ದರು. ಫರೀದಾ ಎಲ್ಲ ಪಾತ್ರಗಳ ದನಿಯನ್ನೂ ತಾವೇ ತೆಗೆಯುತ್ತಿದ್ದರು. "ಫರೀದಾ, ಓವರ್‌ಆ್ಯಕ್ಟಿಂಗ್ ಲಾ," ಎಂದು ಪ್ರಮೀಳಾ ಬೈದ ದಿನ ನಾನು ಫೈಲಿನಲ್ಲಿ ಒಳ್ಳೆಯ ಪ್ರಗತಿ ಎಂದು ಬರೆದೆ. ಕೆಲವು ತಿಂಗಳ ನಂತರ ನನ್ನ ಕೋಣೆಯಲ್ಲೇ ಅವರ ಫೋನು ಹೊಡೆದುಕೊಂಡಿತು. ಗಂಡ ಬಯಾನ್ ಲೆಪಾಸ್‌ನಿಂದ, ಮೆಸೇಜ್ ಒತ್ತಲು ಹೋಗಿ ತಪ್ಪಿ ಕರೆ ಮಾಡಿದ್ದರು. ಪ್ರಮೀಳಾ ಎತ್ತಿ ಕಿವಿಗಿಟ್ಟರು.

"ಊಟ ಆತೇನು?" ಎಂದು ಅವರು ಹಳೆಯ ಅಭ್ಯಾಸದಂತೆ ಕೇಳಿದ್ದು ನನಗೂ ಕೇಳಿಸಿತು.

"ಆತು. ನಿಮ್ದು?" ಎಂದರು ಇವರು. ಆ ಕಡೆಯಿಂದ ಅದೇ ಪ್ರಶ್ನೆ ಮತ್ತೊಮ್ಮೆ ಬಂತು.

ಮರುವರ್ಷ ಗುಂಪು ಅದೇ ನಾಟಕಕ್ಕೆ ಸಿಂಗಪುರಕ್ಕೆ ಹೋಯಿತು. ಬಂದ ಮೇಲೆ ತಪಾಸಣೆಗೆ ಬಂದ ಪ್ರಮೀಳಾ ಅವರನ್ನು ಕೇಳಿದೆ, ಹೇಗಿತ್ತು? ಅವರು ಯಂತ್ರದ ಬಗ್ಗೆ ನನಗೆ ಎಂದೂ ಸುಳ್ಳು ಹೇಳಿದವರಲ್ಲ.

"ಹಾಡು ಹಾಡಿನಂಗ ಇರ್ಲಿಲ್ರಿ. ಡಬ್ಬಿ ಬಡದಂಗ ಇತ್ತು. ಕಡೀಕ ಮಷೀನ್ ಬಂದ್ ಮಾಡಿ ನನ್ನ ಹಳೇ ಹಾಡೇ ಕೇಳೂಣು ಅಂತ ಕೈ ಮ್ಯಾಲೆ ಒಯ್ದೆ. ಆವಾಗ ಬಾಜೂಕ ಫರೀದಾ ಅಳೂದು ಕೇಳಸ್ತು. ಇಷ್ಟು ವರ್ಷ ಜೋಡಿ ಕೂತು ನೋಡೀವಿ. ನಾನು ಕಣ್ಣು ಮುಚ್ಚಿರ್ತಿದ್ದೆ, ಕಿವಿ ಮೊದಲೇ ಇರ್ಲಿಲ್ಲ. ಅಕಿನೂ ಅಳ್ತಾಳ ಅಂತ ನಂಗ ಗೊತ್ತೇ ಇರ್ಲಿಲ್ಲ. ಮಷೀನ್ ಬಂದ್ ಮಾಡ್ಲಿಲ್ಲ."

ಅಲ್ಲಿಂದ ನಿವೃತ್ತಿಯವರೆಗೆ ನಾನು ಕೆಲಸದ ಕ್ರಮ ಬದಲಿಸಿಕೊಂಡೆ. ಹೊಸ ರೋಗಿ ಎದುರು ಕೂತಾಗ ಪರೀಕ್ಷೆಯ ಕೋಣೆಗೆ ಕರೆದೊಯ್ಯುವ ಮೊದಲು, ನಿಮಗೆ ಯಾವುದನ್ನು ಕಳೆದುಕೊಳ್ಳುವ ಭಯ ಎಂದು ಕೇಳುತ್ತಿದ್ದೆ. ಒಬ್ಬರು ಮಸೀದಿಯ ಬೆಳಗಿನ ಬಾಂಗ್ ಎಂದರು, ಒಬ್ಬ ಮೆಕ್ಯಾನಿಕ್ ಎಂಜಿನ್ನಿನ ಸದ್ದು ಎಂದ, ಒಬ್ಬರು ಹೆಂಡತಿಯ ಕಡೆ ನೋಡಿದರು. ನಾನು ಅಳೆಯುತ್ತಿದ್ದುದು ಕಿವಿಯನ್ನು. ಅವರು ಉಳಿಸಿಕೊಳ್ಳಲು ಬಂದಿರುತ್ತಿದ್ದುದು ಬೇರೆ ಏನನ್ನೋ, ಅದು ಏನೆಂದು ತಿಳಿಯದೆ ಯಂತ್ರ ಕೂಡಿಸುವುದು ಅರ್ಧ ಕೆಲಸ. ಇದನ್ನು ನನಗೆ ಮೈಸೂರಿನ ತರಗತಿಗಳಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ. ಬಾಲ್ಕನಿಯ ಕುರ್ಚಿಯಲ್ಲಿ, ಮೈಕು ಸತ್ತ ಹಾಡಿಗೆ ಅಳುತ್ತಿದ್ದ ಒಬ್ಬ ಹೆಂಗಸನ್ನು ನೋಡಿ ಕಲಿತೆ.