ಎಡಕ್ಕೆ ಕಟ್ಟಿದ ಪೆಟ್ರೋಲ್ ಡಬ್ಬ

ರಾವ್ನಾಳ ಹಿಮಸ್ಕೂಟರ್ ಬಲಕ್ಕೆ ಎಳೆಯುತ್ತಿತ್ತು. ಆ ಚಳಿಗಾಲವಿಡೀ ಅವಳು ಅದನ್ನು ಬೈದದ್ದೇ ಬೈದದ್ದು.

ಭೂಮಿಯ ಉತ್ತರ ತುದಿಯ ಹಿಮನಾಡು ಕೌಟೊಕೈನೊದ ನಮ್ಮ ಕಡೆ ಹಿಮಸಾರಂಗಗಳ ಹಿಂಡಿನ ಮುಂದೆ ಸಾಗುವ ಹೆಂಗಸು ಅವಳೊಬ್ಬಳೇ. ಅದು ಅವಳ ಗಂಡನ ಜಾಗ. ಅವನು ತೀರಿಕೊಂಡ ಮೇಲೆ ಆ ಜಾಗವನ್ನು ಯಾರೂ ಕೇಳಲಿಲ್ಲ, ಅವಳೂ ಬಿಡಲಿಲ್ಲ. ಏಪ್ರಿಲ್‌ನಲ್ಲಿ ಹಿಂಡು ಕಡಲತೀರಕ್ಕೆ ಹೊರಟಾಗ ನದಿಯ ಮಂಜುಗಡ್ಡೆ ದಾಟಬೇಕು. ಜಾಡು ಕಿರಿದು, ಅದರ ಬಲಗಡೆ ನೀರು ಆಗಲೇ ಬಾಯಿ ತೆರೆದಿರುತ್ತದೆ. ಬಲಕ್ಕೆ ಎಳೆಯುವ ಸ್ಕೂಟರಿನಲ್ಲಿ ಮುಂದೆ ಹೋದರೆ ನೀರಿಗೆ ಬೀಳಬಹುದು. ಹಿಂದೆ ಉಳಿದರೆ ಗಂಡನ ಜಾಗ ಹೋಯಿತು.

ಅವಳು ಮಾಡದ ರಿಪೇರಿಯಿಲ್ಲ. ಹ್ಯಾಂಡಲ್ ತಿರುಗಿಸಿದರೆ ಸರಳುಗಳು ತಿರುಗುತ್ತವೆ, ಸರಳುಗಳು ಮುಂದೆ ಚಕ್ರದ ಬದಲಿಗಿರುವ ಎರಡು ಸ್ಕೀಗಳನ್ನು ತಿರುಗಿಸುತ್ತವೆ, ಸ್ಕೀಗಳ ಅಡಿಯ ಕಬ್ಬಿಣದ ಪಟ್ಟಿ ಹಿಮವನ್ನು ಕಚ್ಚುತ್ತದೆ. ಸರಳುಗಳನ್ನು ಸಮಾ ಮಾಡಿದಳು, ಸವೆದ ಪಟ್ಟಿಗಳನ್ನು ಬದಲಿಸಿದಳು, ಬಲಗಡೆ ಸ್ಪ್ರಿಂಗನ್ನು ಬಿಚ್ಚಿ ಎಡಕ್ಕೂ ಎಡದ್ದನ್ನು ಬಲಕ್ಕೂ ಹಾಕಿದಳು. ಆದರೂ ಬಲಕ್ಕೇ.

ಕೊನೆಗೆ ಅವಳ ನಾದಿನಿ ಸುನ್ನಾ ಹ್ಯಾಂಡಲ್ ಕಿತ್ತುಕೊಂಡಳು.

"ಇಳೀರಿ ಅತ್ತಿಗೆ, ನಾನೊಂದು ಸುತ್ತು ಹೋಗಿ ಬರ್ತೀನಿ."

"ಹುಷಾರು ಕಣೆ, ಬೇಲಿಗೆ ಗುದ್ದುತ್ತೆ."

ಗುದ್ದಲಿಲ್ಲ. ಸ್ಕೂಟರ್ ಹೆಪ್ಪುಗಟ್ಟಿದ ಕೆರೆಯ ಮೇಲೆ ನೂಲು ಹಿಡಿದಂತೆ ನೆಟ್ಟಗೆ ಹೋಗಿ ನೆಟ್ಟಗೆ ವಾಪಸ್ ಬಂತು. ಸುನ್ನಾ ಇಂಜಿನ್ ಆರಿಸಿ, ಅತ್ತಿಗೆಯನ್ನು ಮೇಲಿಂದ ಕೆಳಗೆ ನೋಡಿದಳು.

"ಸ್ಕೂಟರ್ ನೆಟ್ಟಗಿದೆ. ಸೊಟ್ಟಗಾಗಿರೋದು ನೀವು. ಯಾವಾಗಿಂದ ಒಂದೇ ಕುಂಡೆ ಮೇಲೆ ಕೂತ್ಕೋತಿದೀರಾ?"

"ಬಾಯಿ ಮುಚ್ಕೊಂಡು ಕಾಫಿ ಕಾಯ್ಸು ಹೋಗು."

ಎಡ ಸೊಂಟ ನೋಯದಿರಲೆಂದು ಅವಳು ಬಲಕ್ಕೆ ವಾಲಿ ಕೂರುತ್ತಿದ್ದಳು. ಭಾರ ಬಲ ಸ್ಕೀಗೆ ಬೀಳುತ್ತಿತ್ತು, ಬಲ ಸ್ಕೀ ಹೆಚ್ಚು ಕಚ್ಚಿ ಸ್ಕೂಟರನ್ನು ಅತ್ತಲೇ ಎಳೆಯುತ್ತಿತ್ತು. ಸೊಂಟವನ್ನು ಸುಮ್ಮನೆ ಬಿಟ್ಟು ಸರಳು ತಿರುಗಿಸುತ್ತ ಕೂತ ಈ ತಪ್ಪು ನಮ್ಮವರದೇ. ಇಲ್ಲಿ ಯಾರನ್ನೂ ಎಷ್ಟು ಸಾರಂಗಗಳಿವೆ ಎಂದು ಕೇಳಬಾರದು, ಅದು ಎಷ್ಟು ದುಡ್ಡಿದೆ ಎಂದು ಕೇಳಿದಂತೆ; ಎಲ್ಲಿ ನೋವು ಎಂದೂ ಕೇಳಬಾರದು. ಸ್ಕೂಟರಿನ ಬಗ್ಗೆ ಎಷ್ಟು ಬೇಕಾದರೂ ಮಾತಾಡಬಹುದು.

ಹಾಗೆಂದು ತಪ್ಪೆಲ್ಲ ನಮ್ಮ ಮೌನದ್ದೇ ಎಂದರೆ ನಾನು ಒಪ್ಪುವುದಿಲ್ಲ. ಅವಳ ಸ್ಕೂಟರಿನ ಹಿಂಬದಿಯ ಶಾಕ್ ಅಬ್ಸಾರ್ಬರ್ ಒಡೆದಾಗ ವಿಮೆಯವರು ಅದರ ಫೋಟೊ ತೆಗೆದುಕೊಂಡು ಹೋದರು, ಹೊಸದನ್ನು ಕೊಟ್ಟರು. ಅದು ಒಡೆದ ದಿನ ಅದರ ಮೇಲೆ ಕೂತಿದ್ದವಳಿಗೆ ಏನಾಯಿತು ಎಂದು ಒಬ್ಬನೂ ಕೇಳಲಿಲ್ಲ. ಗಟ್ಟಿ ಹಿಮದ ದಿಬ್ಬಗಳ ಮೇಲೆ ಸ್ಪ್ರಿಂಗ್ ತಡೆಯಲಾರದ ಏಟನ್ನು ತಡೆಯುವುದು ಬೆನ್ನುಮೂಳೆ. ಸಾರಂಗದ ಮಾಂಸ ತಿನ್ನುವ ಪಟ್ಟಣದ ಮಹನೀಯರೇ, ಆ ಬಿಡಿಭಾಗ ಯಾವ ಅಂಗಡಿಯಲ್ಲಿ ಸಿಗುತ್ತದೆ, ಸ್ವಲ್ಪ ಹೇಳಿ.

ಸುನ್ನಾಳೇ ಉಪಾಯ ಹೇಳಿದಳು. ಹಿಂದೆ ನಡುವೆ ಕಟ್ಟುವ ದೊಡ್ಡ ಪೆಟ್ರೋಲ್ ಡಬ್ಬವನ್ನು ಎಡಗಡೆ, ಮುಂದಕ್ಕೆ ಕಟ್ಟಬೇಕು. ರಾವ್ನಾ ವಾಲುವಷ್ಟಕ್ಕೆ ಅದು ಸಮಾ ತೂಗುತ್ತದೆ.

"ಎಲ್ಲರಿಗೂ ಕಾಣುತ್ತಲ್ಲೇ," ಎಂದಳು ರಾವ್ನಾ.

"ನೀರಿಗೆ ಬಿದ್ರೆ ಅದೂ ಎಲ್ಲರಿಗೂ ಕಾಣುತ್ತೆ."

ಹೊರಡುವ ಬೆಳಿಗ್ಗೆ ರಾವ್ನಾ ಡಬ್ಬವನ್ನು ಎಡಕ್ಕೆ ಬಿಗಿದು ನದಿಯ ದಡಕ್ಕೆ ಬಂದಳು. ಗಂಡನ ಅಣ್ಣ ಕ್ಲೆಮೆತ್ ಅಲ್ಲಿ ನಿಂತಿದ್ದ. ಗುಂಪಿನಲ್ಲಿ ಅವನದೇ ಕೊನೆಯ ಮಾತು. ಅವನು ಡಬ್ಬವನ್ನು ನೋಡಿದ, ಅವಳನ್ನು ನೋಡಿದ.

"ಏನಿದೆ ಭಾವ ನೋಡೋಕೆ?"

"ಹಗ್ಗ ಸಡಿಲ ಇದೆ," ಎಂದು ಗಂಟನ್ನು ತಾನೇ ಎಳೆದು ಬಿಗಿ ಮಾಡಿದ. "ಮುಂದೆ ಹೋಗು. ಹಿಂಡು ನಡೆಸೋ ಆ ಬೆಳ್ಳಿ ಬಣ್ಣದ ಹೆಣ್ಣು ಸಾರಂಗ ನಿನ್ನ ಹಿಂದೆ ಬಿಟ್ಟು ಬೇರೆ ಯಾರ ಹಿಂದೇನೂ ಬರಲ್ಲ."

ಅವಳು ಹೋದಳು. ನೀರಿನ ಅಂಚು ಕೈಗೆಟಕುವಷ್ಟು ಹತ್ತಿರವಿದ್ದರೂ ಸ್ಕೀಗಳು ಜಾಡು ಬಿಡಲಿಲ್ಲ. ಹಿಂಡು ಅವಳ ಹಿಂದೆ ದಾಟಿತು.

ಆಚೆ ದಡದಲ್ಲಿ ಕಾಫಿಗೆ ನಿಂತಾಗ ಕ್ಲೆಮೆತ್ ತನ್ನ ಸ್ಕೂಟರಿನ ಹತ್ತಿರ ಹೋಗಿ ಏನನ್ನೋ ಬಿಚ್ಚತೊಡಗಿದ. ನಾವೆಲ್ಲ ಬೇರೆಲ್ಲೋ ನೋಡುತ್ತ ಕೂತೆವು. ಮತ್ತೆ ಹೊರಟಾಗ, ಅದುವರೆಗೆ ನಡುವೆ ಇದ್ದ ಅವನ ಡಬ್ಬ ಬಲಗಡೆಗಿತ್ತು.